ತಲೆಬರಹ ಕನ್ನಡ, ತಪ್ಪು ಹೇಳುವಾಗ ಇಂಗ್ಲಿಷ್!



ಕಳೆದ ತಿಂಗಳು ಮಗಳ ಲಗ್ನಪತ್ರಿಕೆ ಮಾಡಿಸಲು ಸಾದಲಿಯ ನಮ್ಮ ಪ್ರೆಸ್ಸಿಗೆ ಬಂದ ರೇಷ್ಮೆ ರೈತರೊಬ್ಬರು, "ಇದೊಂದು ನೋಡಣ್ಣ" ಎಂದು ಫೋನ್ ಕೈಗಿತ್ತರು. ಯಾವುದೋ ಅರ್ಜಿಯ ಪುಟ. ಮೇಲೆ 'ಕನ್ನಡ' ಗುಂಡಿ ಒತ್ತಿದ್ದರು, ತಲೆಬರಹ ಕನ್ನಡದಲ್ಲೇ ಇತ್ತು. ಊರು ಆರಿಸುವ ಪಟ್ಟಿ ಮಾತ್ರ ಇಂಗ್ಲಿಷ್. ಹೇಗೋ ಆರಿಸಿ, ಹೆಸರನ್ನು ಕನ್ನಡದಲ್ಲಿ ಬರೆದಿದ್ದರು. ಕೆಳಗೆ ಕೆಂಪಕ್ಷರದಲ್ಲಿ ಇಂಗ್ಲಿಷ್ ಸಾಲು! ವಿಶೇಷ ಚಿಹ್ನೆಗಳಿಗೆ ಅವಕಾಶವಿಲ್ಲ ಎಂದು ಅದರ ಅರ್ಥ. ನಾನು ಬಿಡಿಸಿ ಹೇಳುವಷ್ಟರಲ್ಲಿ ಸಮಯ ಮುಗಿದು, ತುಂಬಿದ್ದೆಲ್ಲ ಅಳಿಸಿಹೋಯಿತು.

"ನನ್ನ ಹೆಸರೇ ತಪ್ಪಂತೇನಣ್ಣ?" ಎಂದರು.

ಏನು ಹೇಳಲಿ ಸ್ವಾಮಿ?

ಹಿಂದಿನ ವೆಬ್ ಪುಟ ನಮ್ಮ ಕರಪತ್ರದಂತೆ. ಅಚ್ಚಾದದ್ದೇ ಕಾಣುತ್ತಿತ್ತು. ಈಗಿನ ಪುಟ ನೀವು ಮುಟ್ಟಿದಂತೆಲ್ಲ ಹೊಸ ತುಣುಕು ತರಿಸಿಕೊಂಡು ಅಲ್ಲಲ್ಲೇ ಬದಲಾಗುತ್ತದೆ. 2005ರಲ್ಲಿ ಈ ವಿಧಾನಕ್ಕೆ 'ಏಜಾಕ್ಸ್' ಎಂಬ ಹೆಸರು ಬಂತು. ಇಡೀ ಪುಟ ಮತ್ತೆ ತೆರೆಯುವ ಕಾಟ ತಪ್ಪಿತು, ಒಪ್ಪೋಣ. ಆದರೆ ಹೀಗೆ ಆಮೇಲೆ ಬರುವ ಪಟ್ಟಿ, ಎಚ್ಚರಿಕೆ, ತಪ್ಪಿನ ಸೂಚನೆಗಳನ್ನೂ ಯಾರಾದರೂ ಕನ್ನಡದಲ್ಲಿ ಬರೆದಿಡಬೇಕು. ಎಷ್ಟೋ ಕಡೆ ಬರೆದಿಲ್ಲ. ರಕ್ಷಾಪುಟ ಕನ್ನಡದಲ್ಲಿ ಅಚ್ಚು ಹಾಕಿ ಒಳಗೆಲ್ಲ ಇಂಗ್ಲಿಷ್ ತುಂಬಿದರೆ ನಮ್ಮ ಗಿರಾಕಿ ದುಡ್ಡು ಕೊಡುತ್ತಾನೆಯೇ?

ತಂತ್ರಜ್ಞಾನವಿಲ್ಲ ಎಂಬ ನೆಪ ಬೇಡ. ತೊಂಬತ್ತರ ದಶಕದ ಕೊನೆಯಲ್ಲಿ ಪತ್ರಿಕೆಗೊಂದು ಫಾಂಟ್ ಇಳಿಸಿಕೊಳ್ಳಬೇಕಿತ್ತು, ಇಲ್ಲದಿದ್ದರೆ ಅಕ್ಷರವೆಲ್ಲ ಕಲಸುಮೇಲೋಗರ. ಆಗಿನ ಕಷ್ಟ ನಿಜ. ಆದರೆ ಯೂನಿಕೋಡ್‌ನಲ್ಲಿ 1991ರಿಂದಲೇ ಕನ್ನಡಕ್ಕೆ ಜಾಗವಿದೆ. ಇವತ್ತು ಅಂಗಡಿಯ ಸ್ಮಾರ್ಟ್‌ಫೋನಿನಲ್ಲೇ ಕನ್ನಡ ಬರುತ್ತದೆ. ಹೆಸರಿನ ಜಾಗಕ್ಕೆ ಇಂಗ್ಲಿಷ್ ಅಕ್ಷರ ಮಾತ್ರ ಬಿಡು ಎಂಬ ನಿಯಮ ತಾನಾಗಿ ಹುಟ್ಟಿದ್ದಲ್ಲ, ಬರೆದವರಿದ್ದಾರೆ. ಬರೆದವರು ತಿದ್ದಲಿ! (ಪ್ರೆಸ್ಸಿನವರಾದ ನಾವೂ ಸಾಚಾಗಳಲ್ಲ. ಹಳೆಯ ನುಡಿ ಫಾಂಟಿನಲ್ಲಿ ಜೋಡಿಸಿದ್ದನ್ನು ಹಾಗೇ ಪುಟಕ್ಕೆ ಅಂಟಿಸಿ, ಗೀಚು ಬಂತೆಂದು ಕನ್ನಡವನ್ನೇ ಬೈಯುತ್ತೇವೆ.)

1963ರ ರಾಜಭಾಷಾ ಕಾಯಿದೆ ಇರುವ ನಾಡಿದು. ಸರ್ಕಾರದ ಪುಟ ಒಪ್ಪಿಕೊಳ್ಳುವ ಮುನ್ನ ಕನ್ನಡ ಮಾತ್ರ ಬಲ್ಲ ರೈತರಿಂದ ಅರ್ಜಿಯನ್ನು ಕೊನೆಯವರೆಗೆ ತುಂಬಿಸಿ ನೋಡಲಿ. ಎಲ್ಲಿ ಅವರ ಬೆರಳು ನಿಲ್ಲುತ್ತದೋ ಅಲ್ಲಿ ತಿದ್ದಲಿ. ಸಮಯ ಮುಗಿಯುವ ಮೊದಲು ಕನ್ನಡದಲ್ಲಿ ಎಚ್ಚರಿಸಲಿ, ತುಂಬಿದ್ದನ್ನು ಉಳಿಸಲಿ.

ನೀವೂ ಸುಮ್ಮನಿರಬೇಡಿ. ಇಂಗ್ಲಿಷ್ ಸೂಚನೆ ಬಂದ ಕೂಡಲೇ ಪರದೆಯ ಚಿತ್ರ ತೆಗೆಯಿರಿ. ತಾರೀಖು, ಯಾವ ಗುಂಡಿ ಒತ್ತಿದಿರಿ ಎಂಬುದನ್ನು ಬರೆದು ಆ ಇಲಾಖೆಗೆ ಕನ್ನಡದಲ್ಲೇ ದೂರು ಕೊಡಿ. ಒಂದು ಪ್ರತಿ ನಮ್ಮ ಪ್ರೆಸ್ಸಿಗೂ ತನ್ನಿ, ಕರಪತ್ರದ ಖರ್ಚು ನನ್ನದು.