ಬಿಟ್ಟಿಯ ಬಲವೆಂಬ ಮಾತು

ಎರಡನೆಯ ಮಹಾಯುದ್ಧದ ವಿಮಾನಗಳ ಮಾತು ಬಂದಾಗಲೆಲ್ಲ, ಅಮೆರಿಕದ ಮಸ್ಟಾಂಗ್ ವಿಮಾನದ ಹೊಟ್ಟೆಯಡಿಯಿದ್ದ ರೇಡಿಯೇಟರು ಬಿಟ್ಟಿಯಾಗಿ ನೂಕುಬಲ ಕೊಡುತ್ತಿತ್ತೆಂದು ಹೇಳುವುದು ವಾಡಿಕೆ. ಹೇಳುವವರ ಉತ್ಸಾಹವನ್ನು ಮೆಚ್ಚಬಹುದು. ಲೆಕ್ಕವನ್ನು ಮಾತ್ರ ಒಪ್ಪಲಾರೆ. ಕಲಾ ಕಾಲೇಜಿನವನಿಗೆ ಇಂಜಿನಿನ ಗೊಡವೆಯೇಕೆಂದು ಮಿತ್ರರು ನಕ್ಕಾರು; ನಗಲಿ.

ಇಂಜಿನಿನ ಶಾಖವನ್ನು ಹೊರಹಾಕಲು ರೇಡಿಯೇಟರಿನೊಳಗೆ ಗಾಳಿ ಹಾಯಲೇಬೇಕು. ಅದನ್ನು ಬಯಲಿನಲ್ಲಿ ಗಾಳಿಗೊಡ್ಡಿದರೆ ತಡೆ ಅಪಾರ. ವೇಗ ಇಮ್ಮಡಿಯಾದರೆ ಆ ತಡೆ ಸುಮಾರು ನಾಲ್ಕು ಮಡಿ. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿದ್ದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟಿನ ಎಫ್. ಡಬ್ಲ್ಯೂ. ಮೆರೆಡಿತ್ ಎಂಬವರು 1935ರಲ್ಲಿ ಇದಕ್ಕೊಂದು ದಾರಿ ತೋರಿಸಿದರು. ರೇಡಿಯೇಟರನ್ನು ನಾಳದೊಳಗಿಡಬೇಕು. ನಾಳ ಮುಂದೆ ಕಿರಿದಾಗಿದ್ದು ಒಳಗೆ ಅಗಲವಾಗಬೇಕು. ಆಗ ಗಾಳಿ ನಿಧಾನಗೊಳ್ಳುತ್ತದೆ, ಒತ್ತಡ ಏರುತ್ತದೆ, ರೇಡಿಯೇಟರಿನಲ್ಲಿ ಉಜ್ಜುವಿಕೆಯೂ ಕಡಿಮೆ. ಅಲ್ಲಿ ಕಾದು ಹಿಗ್ಗಿದ ಗಾಳಿಯನ್ನು ಹಿಂದಿನ ಕಿರುಬಾಯಿಯಿಂದ ವೇಗವಾಗಿ ಹೊರಬಿಟ್ಟರೆ, ಅದು ವಿಮಾನವನ್ನು ಅಷ್ಟಿಷ್ಟು ಮುಂದೆ ನೂಕುತ್ತದೆ.

ಎಷ್ಟು ನೂಕೀತು? ಗಂಟೆಗೆ 700 ಕಿಲೋಮೀಟರು ಓಡಿದರೂ ಗಾಳಿಯ ಒತ್ತಡ ಏರುವುದು ಅಲ್ಪವೇ. ಆದ್ದರಿಂದ ಯಾವ ನಷ್ಟವೂ ಇಲ್ಲವೆಂದುಕೊಂಡರೂ, ರೇಡಿಯೇಟರು ಬಿಟ್ಟ ಶಾಖದಲ್ಲಿ ನೂರಕ್ಕೆ 10 ಪಾಲೂ ಕೆಲಸಕ್ಕೆ ಬಾರದು. ಅದೂ ಮೊದಲು ನಾಳದ ತಡೆಯ ಸಾಲವನ್ನೇ ತೀರಿಸಬೇಕು. ಸಾಲ ಬಹುಪಾಲು ತೀರಿದರೆ ಅದೇ ದೊಡ್ಡ ಗೆಲವು. ಇದನ್ನು ಲಾಭವೆನ್ನುವುದಕ್ಕಿಂತ ತಪ್ಪಿದ ನಷ್ಟವೆನ್ನುವುದು ಸರಿ. ಹಾಗೆಂದ ಮಾತ್ರಕ್ಕೆ ಇದರ ಗೌರವ ಕುಂದುವುದಿಲ್ಲ.

ಮೆರೆಡಿತ್‌ರ ತತ್ತ್ವ ಸ್ಪಿಟ್‌ಫೈರಿಗೂ ತಿಳಿದಿತ್ತು. ಆದರೆ ಅದರ ರೇಡಿಯೇಟರುಗಳು ರೆಕ್ಕೆಯಡಿಯ ಗಿಡ್ಡ ನಾಳಗಳಲ್ಲಿ ಇಕ್ಕಟ್ಟಾಗಿ ಕುಳಿತಿದ್ದವು. 1940ರಲ್ಲಿ ಮೊದಲು ಹಾರಿದ ಮಸ್ಟಾಂಗಿನಲ್ಲಾದರೋ ನಾಳಕ್ಕೆ ಉದ್ದವಾದ ಜಾಗ ಸಿಕ್ಕಿತು. ಮುಂದೆ ಎರಡಕ್ಕೂ ಮೆರ್ಲಿನ್ ಇಂಜಿನೇ ಬಂತು. ಹೆಚ್ಚು ಭಾರದ ಮಸ್ಟಾಂಗ್ ಸುಮಾರು 700 ಕಿಲೋಮೀಟರು ಮುಟ್ಟಿದರೆ, ಒಂಬತ್ತನೆಯ ಮಾದರಿಯ ಸ್ಪಿಟ್‌ಫೈರ್ ಸುಮಾರು 650ಕ್ಕೆ ನಿಂತಿತು. ಈ ವ್ಯತ್ಯಾಸಕ್ಕೆ ರೆಕ್ಕೆಯ ಆಕಾರವೂ ಕಾರಣ; ಎಲ್ಲವನ್ನೂ ರೇಡಿಯೇಟರಿನ ತಲೆಗೆ ಕಟ್ಟುವುದು ನ್ಯಾಯವಲ್ಲ.

ನನ್ನ ಮೆಚ್ಚುಗೆ ಇನ್ನೊಂದಕ್ಕಿದೆ. ಮಸ್ಟಾಂಗಿನ ನಾಳದ ಬಾಯಿ ಹೊಟ್ಟೆಗೆ ಅಂಟಿಕೊಂಡಿಲ್ಲ; ನಡುವೆ ಚಿಕ್ಕ ಸಂದು ಬಿಟ್ಟಿದ್ದಾರೆ. ವಿಮಾನದ ಮೈಯನ್ನು ಸವರಿ ಬರುವ ಸೋತ ಗಾಳಿ ಒಳಹೊಕ್ಕು ಗೊಂದಲವೆಬ್ಬಿಸಬಾರದೆಂದು ಹೀಗೆ ಮಾಡಿದರು. ಬಿಟ್ಟಿಯ ಬಲವನ್ನು ಹೊಗಳುವವರು ಆ ಸಂದನ್ನೂ ಒಮ್ಮೆ ಚಿತ್ರದಲ್ಲಿ ಹುಡುಕಿ ನೋಡಲಿ.