ದೊಡ್ಡ ಸೂಪರ್ ಕಂಪ್ಯೂಟರ್ ಇದ್ದರೆ ಯಾವ ಲೆಕ್ಕವಾದರೂ ಆಗುತ್ತದೆಯೇ?

‘ಸೂಪರ್ ಕಂಪ್ಯೂಟರ್ ಬಿಡಿಸಲಾರದ ಲೆಕ್ಕವೇ ಇಲ್ಲ’ ಎಂಬರ್ಥದ ಫಾರ್ವರ್ಡ್‌ಗಳು ವಾಟ್ಸ್‌ಆ್ಯಪ್ ಗುಂಪುಗಳಿಗೆ ಆಗಾಗ ಬರುತ್ತವೆ. ಇದು ನಿಜವಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ‘ಪರಮ್ ಪ್ರವೇಗ’ದ ಸಾಮರ್ಥ್ಯ 3.3 ಪೆಟಾಫ್ಲಾಪ್. ಅಂದರೆ ಸೆಕೆಂಡಿಗೆ 33 ಕೋಟಿ ಕೋಟಿ ಲೆಕ್ಕ. ಆದರೂ ನ್ಯೂಟ್ರಾನ್ ನಕ್ಷತ್ರದ ಒಡಲಲ್ಲಿ ಕ್ವಾರ್ಕ್‌ಗಳು ಹೇಗಿರುತ್ತವೆ ಎಂಬುದನ್ನು ಇದಾಗಲಿ, ಇದಕ್ಕಿಂತ ನೂರು ಪಟ್ಟು ದೊಡ್ಡ ಯಂತ್ರವಾಗಲಿ ನೇರವಾಗಿ ಲೆಕ್ಕ ಹಾಕಲಾರದು. ಅಲ್ಲಿನ ಒಂದು ಟೀ ಚಮಚ ವಸ್ತು ಕೋಟಿಗಟ್ಟಲೆ ಟನ್ ತೂಗುತ್ತದೆ. ಅಡ್ಡ ಬರುವುದು ‘ಸೈನ್ ಪ್ರಾಬ್ಲಂ’, ಅಂದರೆ ಪ್ಲಸ್-ಮೈನಸ್ ಚಿಹ್ನೆಯ ತೊಡಕು.

ಪಾವಗಡ, ಮಧುಗಿರಿ, ಶಿರಾ ಕಡೆಯವರಿಗೆ ಬೆಳೆ ಕಟಾವು ಪ್ರಯೋಗ ಗೊತ್ತು. ವಿಮೆಗಾಗಿ ಎಲ್ಲ ಹೊಲ ಅಳೆಯುವುದಿಲ್ಲ. ಕೆಲವೇ ಹೊಲ ಆರಿಸಿ, ಕಡಲೇಕಾಯಿ ಕಿತ್ತು ತೂಗಿ, ಸರಾಸರಿ ಹಿಡಿಯುತ್ತಾರೆ. (ಅಷ್ಟು ಹೊಲ ಸಾಕೇ ಎಂಬ ಜಗಳ ಬೇರೆ, ಬಿಡಿ.) ಲ್ಯಾಟಿಸ್ ಲೆಕ್ಕವೂ ಹೀಗೇ. ಜಾಗ ಮತ್ತು ಕಾಲವನ್ನು ಬಲೆಯ ಕಣ್ಣುಗಳಂತೆ ಭಾಗ ಮಾಡಿ, ಎಣಿಕೆಗೆ ಸಿಗದಷ್ಟು ಜೋಡಣೆಗಳಲ್ಲಿ ಕೆಲವನ್ನು ಆರಿಸಿ ಸರಾಸರಿ ತೆಗೆಯುತ್ತಾರೆ.

ಇಳುವರಿ ಎಂದೂ ಮೈನಸ್ ಆಗುವುದಿಲ್ಲ, ಆದ್ದರಿಂದ ಈ ದಾರಿ ನಡೆಯುತ್ತದೆ. ಇಳುವರಿ ಬಿಟ್ಟು ಲಾಭ-ನಷ್ಟ ಕೇಳಿ ನೋಡಿ. ಅರ್ಧ ಹೊಲಗಳಿಗೆ ಸುಮಾರು 10,000 ರೂಪಾಯಿ ಲಾಭ, ಉಳಿದರ್ಧಕ್ಕೆ ಹೆಚ್ಚುಕಡಿಮೆ ಅಷ್ಟೇ ನಷ್ಟ, ಒಟ್ಟು ಸರಾಸರಿ ಹೊಲಕ್ಕೆ 10 ರೂಪಾಯಿ ಲಾಭ ಎಂದುಕೊಳ್ಳಿ. ಐವತ್ತು ಹೊಲ ನೋಡಿದರೆ ಲಾಭವೋ ನಷ್ಟವೋ ಎಂದೇ ಹೇಳಲಾಗದು. ಆ 10 ರೂಪಾಯಿ ಕಣ್ಣಿಗೆ ಬೀಳಲು 10 ಲಕ್ಷಕ್ಕೂ ಹೆಚ್ಚು ಹೊಲ ನೋಡಬೇಕು.

ಕ್ವಾರ್ಕ್, ಎಲೆಕ್ಟ್ರಾನ್‌ಗಳು ಫರ್ಮಿಯಾನ್ ಜಾತಿಯವು. ಇಂಥ ಎರಡು ಕಣ ಜಾಗ ಬದಲಿಸಿಕೊಂಡರೆ ಲೆಕ್ಕದ ಚಿಹ್ನೆ ತಿರುಗುತ್ತದೆ. ಕ್ವಾರ್ಕ್ ಮತ್ತು ಪ್ರತಿಕ್ವಾರ್ಕ್ ಸಮಸಮ ಇದ್ದಾಗ ಇದು ಕಾಡುವುದಿಲ್ಲ. ಕ್ವಾರ್ಕ್‌ಗಳೇ ಹೆಚ್ಚಾಗಿ ಸಾಂದ್ರತೆ ಏರಿದರೆ ಪ್ಲಸ್-ಮೈನಸ್ ಒಂದನ್ನೊಂದು ನುಂಗುತ್ತವೆ. ಬಲೆಯ ಗಾತ್ರ ಇಮ್ಮಡಿಯಾದರೆ ಬೇಕಾದ ಮಾದರಿ ಇಮ್ಮಡಿಯಲ್ಲ, 10 ಲಕ್ಷ ಇದ್ದದ್ದು ಲಕ್ಷ ಕೋಟಿಯಾಗುತ್ತದೆ. ಯಂತ್ರ ದೊಡ್ಡದು ಮಾಡಿ ಇದನ್ನು ಹಿಡಿಯಲಾಗದು. ಎಲ್ಲ ಬಗೆಯ ಸೈನ್ ಪ್ರಾಬ್ಲಂಗೂ ಒಗ್ಗುವ ಒಂದೇ ಮದ್ದು ಸಿಗುವುದು ಬಹುತೇಕ ಅಸಾಧ್ಯವೆಂದು ಟ್ರಾಯರ್ ಮತ್ತು ವೀಸ 2005ರಲ್ಲೇ ತೋರಿಸಿದರು.

ಹಾಗೆಂದು ಯಾರೂ ಕೈಕಟ್ಟಿ ಕೂತಿಲ್ಲ. ತೊಡಕಿಲ್ಲದ ಶೂನ್ಯ ಸಾಂದ್ರತೆಯಲ್ಲಿ ನಿಖರವಾಗಿ ಲೆಕ್ಕ ಹಾಕಿ, ಅಲ್ಲಿಂದ ಹೆಜ್ಜೆ ಹೆಜ್ಜೆಯಾಗಿ ಮುಂದಕ್ಕೆ ಅಂದಾಜಿಸುವ ಟೇಲರ್ ಸರಣಿಯ ದಾರಿಯಿದೆ. ಮುಂಬೈನ ಟಿಐಎಫ್‌ಆರ್‌ನಲ್ಲಿದ್ದ ಗವಾಯಿ ಮತ್ತು ಸೌರೇಂದು ಗುಪ್ತ ಇದರಲ್ಲಿ ಮೊದಲಿಗರ ಸಾಲಿನವರು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಸಾದ್ ಹೆಗ್ಡೆ ಅವರೂ ಇದ್ದ ಅಂತರರಾಷ್ಟ್ರೀಯ ತಂಡ 2017ರಲ್ಲಿ ಈ ಸರಣಿಯನ್ನು ಆರನೇ ಘಾತದವರೆಗೆ ಒಯ್ದಿತು. ಬಿಸಿ ಹೆಚ್ಚು, ಸಾಂದ್ರತೆ ಕಡಿಮೆ ಇರುವಲ್ಲಿ ಇದು ನಂಬಿಕೆಗೆ ಅರ್ಹ. ನ್ಯೂಟ್ರಾನ್ ನಕ್ಷತ್ರದವರೆಗೆ ಅದು ಮುಟ್ಟುವುದಿಲ್ಲ.

‘ಕ್ವಾಂಟಮ್ ಕಂಪ್ಯೂಟರ್ ಬಂತಲ್ಲ’ ಎನ್ನುವಿರಾ? ತಾತ್ವಿಕವಾಗಿ ಅದಕ್ಕೆ ಈ ತೊಡಕಿನ ಹಲವು ರೂಪಗಳನ್ನು ಬಳಸಿ ಹೋಗುವ ದಾರಿಯಿದೆ. ಆದರೆ ಇಂದಿನ ಯಂತ್ರಗಳು ಈ ಕೆಲಸಕ್ಕೆ ತೀರಾ ಚಿಕ್ಕವು, ತಪ್ಪೂ ಹೆಚ್ಚು. ಸದ್ಯಕ್ಕೆ ಆ ನಕ್ಷತ್ರಗಳ ಒಳಗಿನ ಸುಳಿವು ಹೆಚ್ಚಾಗಿ ಆಕಾಶದಿಂದಲೇ ಬರುತ್ತಿದೆ. 2017ರ ಆಗಸ್ಟ್‌ನಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾದಾಗ ಸಿಕ್ಕ ಗುರುತ್ವ ಅಲೆಗಳು ಅಂಥದ್ದೊಂದು ಸುಳಿವು.