ಕರುಳಿನ ಬೇನೆಯ ಮಕ್ಕಳು ಮತ್ತು ಹೃದಯದ ಲೆಕ್ಕ

ಮಕ್ಕಳ ಹೊಟ್ಟೆನೋವೆಂದರೆ ಜಂತುಹುಳು, ದೃಷ್ಟಿ, ಇಲ್ಲವೇ ಶಾಲೆ ತಪ್ಪಿಸುವ ನೆಪ ಎಂಬುದು ನಮ್ಮ ಮನೆಗಳ ಸಾಮಾನ್ಯ ತೀರ್ಮಾನ. ಹುಳುವಿನ ಮಟ್ಟಿಗೆ ಅದು ಅನೇಕ ಸಲ ಸರಿಯೂ ಹೌದು. ಆದರೆ ವಾರಗಟ್ಟಲೆ ಬಿಡದ ಭೇದಿ, ಮಲದಲ್ಲಿ ರಕ್ತ, ಇಳಿಯುವ ತೂಕ, ಓರಗೆಯವರು ಬೆಳೆದರೂ ತಾನು ಬೆಳೆಯದ ಹುಡುಗ, ಇವೆಲ್ಲ ಕೂಡಿ ಬಂದರೆ ಅದು ಕರುಳಿನ ಉರಿಯೂತ ರೋಗವಾಗಿರಬಹುದು. ತರಗತಿಯಲ್ಲಿ ಪದೇ ಪದೇ ಹೊರಗೆ ಹೋಗಲು ಅನುಮತಿ ಕೇಳುವವನನ್ನು ಗದರುವ ಮೊದಲು ನಾವು ಅಧ್ಯಾಪಕರು ಇದನ್ನು ನೆನೆಯುವುದು ಒಳಿತು.

ಈ ರೋಗದಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ದೊಡ್ಡ ಕರುಳಿನ ಒಳಪದರವನ್ನು ಹುಣ್ಣಾಗಿಸುವ ಅಲ್ಸರೇಟಿವ್ ಕೊಲೈಟಿಸ್. ಇನ್ನೊಂದು ನ್ಯೂಯಾರ್ಕಿನ ಡಾ. ಬರಿಲ್ ಕ್ರೋನ್ ಮತ್ತು ಸಂಗಡಿಗರು 1932ರಲ್ಲಿ ವಿವರಿಸಿದ ಕ್ರೋನ್ ರೋಗ. ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ಕ್ರೋನ್ ರೋಗವೂ ಕರುಳಿನ ಕ್ಷಯವೂ ನೋಡಲು ಒಂದೇ ತರಹ. ಕ್ಷಯದ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದ ಮೇಲೆ ನಿಜವಾದ ರೋಗ ತಿಳಿಯುವುದೂ ಉಂಟು.

ಈಗ ವೈದ್ಯರು ಇನ್ನೊಂದು ಕಡೆಗೂ ಬೆರಳು ತೋರಿಸುತ್ತಿದ್ದಾರೆ. ಕರುಳಿನಲ್ಲಿ ವರ್ಷಾನುಗಟ್ಟಲೆ ಹೊಗೆಯಾಡುವ ಉರಿ ಕರುಳಿನಲ್ಲೇ ನಿಲ್ಲುವುದಿಲ್ಲ. ರಕ್ತದ ಜೊತೆ ಹರಿದು ರಕ್ತನಾಳಗಳ ಒಳಪದರವನ್ನೂ ಕೆಣಕುತ್ತದೆ. ಕತ್ತಿನ ದೊಡ್ಡ ರಕ್ತನಾಳದ ಗೋಡೆ ಎಷ್ಟು ದಪ್ಪವಾಗಿದೆ, ನಾಳಗಳು ಎಷ್ಟು ಬಿಗಿದಿವೆ ಎಂದು ಅಳೆದು ಹೃದಯದ ಮುಂದಿನ ಅಪಾಯವನ್ನು ಅಂದಾಜು ಮಾಡುತ್ತಾರೆ. ಈ ಮಕ್ಕಳಲ್ಲಿ ಕೆಲವು ಅಧ್ಯಯನಗಳು ಬದಲಾವಣೆ ಕಂಡಿವೆ, ಕೆಲವು ಕಂಡಿಲ್ಲ. ರೋಗವುಳ್ಳ ವಯಸ್ಕರಲ್ಲಿ ಹೃದಯಾಘಾತದ ಅಪಾಯ ಇತರರಿಗಿಂತ ತುಸು ಹೆಚ್ಚು. ರೋಗ ಕೆರಳಿದಾಗ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯವಂತೂ ಮಕ್ಕಳಿಗೂ ಇದೆ.

ಕೊಲೆಸ್ಟರಾಲ್ ಕಡಿಮೆ ಇದೆಯೆಂದು ನಿಶ್ಚಿಂತರಾಗುವಂತಿಲ್ಲ. ರೋಗ ಜೋರಾಗಿದ್ದಾಗ ಅದು ತಾನಾಗಿ ಇಳಿದಿರುತ್ತದೆ. ಸಣ್ಣ ಕರುಳಿನ ಕೊನೆಯ ಭಾಗ ಕೆಟ್ಟರೆ ಬಿ12 ಜೀವಸತ್ವ ಹೀರುವುದು ನಿಲ್ಲುತ್ತದೆ. ಆಗ ರಕ್ತದಲ್ಲಿ ಹೋಮೋಸಿಸ್ಟೀನ್ ಏರುತ್ತದೆ. ಅದೂ ರಕ್ತನಾಳಕ್ಕೆ ಹಿತವಲ್ಲ. ಪ್ರೆಡ್ನಿಸೋಲೋನ್‌ನಂತಹ ಸ್ಟೆರಾಯ್ಡು ಉರಿ ತಗ್ಗಿಸುತ್ತದೆ, ಜೊತೆಗೆ ರಕ್ತದೊತ್ತಡ, ಸಕ್ಕರೆ, ಮುಖದ ಬಾವು ಎಲ್ಲವನ್ನೂ ಏರಿಸುತ್ತದೆ. ಈ ಮಾತ್ರೆ ನುಂಗುವ ಮಗುವಿನ ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ ಹಿಂದೆ ಸರಿಯಬೇಕು. ಮುಖ ಊದಿತೆಂದು ಹೆದರಿ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದು ಮಾತ್ರ ಪ್ರಾಣಕ್ಕೇ ಸಂಚಕಾರ. ವೈದ್ಯರು ಹೇಳಿದಂತೆ ಮೆಲ್ಲಮೆಲ್ಲನೆ ಇಳಿಸಬೇಕು. ಕ್ರೋನ್ ರೋಗದ ಮಕ್ಕಳಿಗೆ ಆರೆಂಟು ವಾರ ಬರಿಯ ದ್ರವಾಹಾರವನ್ನೇ ಕೊಟ್ಟು ಸ್ಟೆರಾಯ್ಡನ್ನು ತಪ್ಪಿಸುವ ಚಿಕಿತ್ಸೆಯೂ ಇದೆ. ಕೇಳಿ ನೋಡಬಹುದು.

ಕತ್ತಿನ ನಾಳ ಅಳೆಯುವ ಯಂತ್ರ ಎಲ್ಲ ಕಡೆ ಸಿಗದು, ಸಿಗಲೇಬೇಕೆಂದೂ ಇಲ್ಲ. ರಕ್ತದೊತ್ತಡ ನೋಡುವುದಕ್ಕೆ ಏನು ಕಷ್ಟ? ಅಮೆರಿಕದ ಮಕ್ಕಳ ವೈದ್ಯರ ಸಂಘ 2017ರಲ್ಲಿ, ಮೂರು ವರ್ಷ ತುಂಬಿದ ಪ್ರತಿ ಮಗುವಿಗೂ ವರ್ಷಕ್ಕೊಮ್ಮೆ ಇದನ್ನು ನೋಡಬೇಕೆಂದು ಹೇಳಿತು. ದೊಡ್ಡವರ ಪಟ್ಟಿಯನ್ನು ಮಗುವಿನ ಸಣ್ಣ ತೋಳಿಗೆ ಸುತ್ತಿದರೆ ಒತ್ತಡ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಮಕ್ಕಳ ಅಳತೆಯ ಪಟ್ಟಿ ಇದೆಯೇ ಎಂದು ಕೇಳಲು ತಂದೆತಾಯಿಗಳು ಸಂಕೋಚಪಡಬಾರದು.

ಕೇಳುವುದು ಯಾವ ಭಾಷೆಯಲ್ಲಿ? ಸೇಲಂ ಜಿಲ್ಲೆಯ ಮೇಚೇರಿಯಂಥ ಊರಿನಲ್ಲಿ ಮನೆಮಾತು ಕನ್ನಡವಾದವರಿಗೆ ಆಸ್ಪತ್ರೆಯ ಮಾತು ತಮಿಳು, ಚೀಟಿ ಇಂಗ್ಲಿಷು. ಸೇಲಂಗೆ, ಅಲ್ಲಿಂದ ವೆಲ್ಲೂರಿಗೋ ಬೆಂಗಳೂರಿಗೋ ಹೋದಂತೆಲ್ಲ ಮಾತು ಬದಲಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ತಮಿಳಿನ ಜಾಗದಲ್ಲಿ ಮಲಯಾಳವೆನ್ನಿ, ಅಷ್ಟೆ. ಎರಡೂ ಕಡೆ ಮನೆಯಲ್ಲಿ ದುಭಾಷಿಯಾಗುವುದು ಶಾಲೆಗೆ ಹೋಗುವ ಮಗು. ಇಲ್ಲಿ ಆ ಮಗುವೇ ರೋಗಿ. ತನ್ನ ಹೃದಯಕ್ಕೂ ಅಪಾಯವಿರಬಹುದೆಂಬ ಮಾತನ್ನು ಹನ್ನೆರಡರ ಹುಡುಗಿಯೊಬ್ಬಳು ತಾನೇ ಕೇಳಿ ತಾಯಿಗೆ ತಿಳಿಸಬೇಕೆ?

ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡಲು ಕೇರಳದ 1969ರ ಆಡಳಿತ ಭಾಷಾ ಕಾನೂನು ಇಲ್ಲಿನ ಕನ್ನಡಿಗರಿಗೆ ಅವಕಾಶ ಕೊಟ್ಟಿದೆ. ಅರ್ಜಿಗೆ ಕನ್ನಡ ಸಲ್ಲುವುದಾದರೆ ಮಾತ್ರೆಯ ಚೀಟಿಗೆ ಏಕೆ ಸಲ್ಲದು? ಸ್ಟೆರಾಯ್ಡು ಹೇಗೆ ಇಳಿಸಬೇಕು, ರಕ್ತದೊತ್ತಡ ಯಾವಾಗ ನೋಡಿಸಬೇಕು, ಕಾಲು ಊದಿ ನೋವಾದರೆ ಎಲ್ಲಿಗೆ ಓಡಬೇಕು ಎಂದು ಅರ್ಧ ಹಾಳೆ ಕನ್ನಡದಲ್ಲಿ ಅಚ್ಚು ಹಾಕಿಸಲು ಆರೋಗ್ಯ ಇಲಾಖೆಗೆ ದೊಡ್ಡ ಖರ್ಚೇನೂ ಬಾರದು.

2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ನಮ್ಮ ರೋಗಿಗಳು ಪಟ್ಟ ಪಾಡು ಯಾರಿಗೂ ಮರೆತಿಲ್ಲ. ಜೀವಮಾನವಿಡೀ ಚಿಕಿತ್ಸೆ ಬೇಕಾದ ಮಗುವಿನ ಕಾಗದಪತ್ರವೆಲ್ಲ ಗಡಿಯಾಚೆಯ ಒಂದೇ ಆಸ್ಪತ್ರೆಯಲ್ಲಿ ಇರಕೂಡದು. ಪ್ರತಿ ವರದಿಯ ಪ್ರತಿಯೊಂದು ಮನೆಯಲ್ಲಿರಲಿ, ಅದರ ಮೇಲೆ ತೂಕ, ಎತ್ತರ, ರಕ್ತದೊತ್ತಡವನ್ನು ತಾರೀಖಿನೊಡನೆ ಕನ್ನಡದಲ್ಲಿ ಬರೆದಿಡಲಿ. ಬರೆಯಲು ಬಾರದ ತಾಯಿಗೆ ಊರಿನ ಕನ್ನಡ ಶಾಲೆಯ ಅಧ್ಯಾಪಕರು ಬರೆದು ಕೊಡಬಹುದು.